ನಾಲ್ಕು ಭಾನುವಾರ, ಹನ್ನೆರಡು ಹಳೇ ಪಿಸಿ: ಮುಕ್ತ ತಂತ್ರಜ್ಞಾನ ಕಲಿಸೋದು ಎಲ್ಲಿಂದ ಶುರು ಮಾಡೋಣ?

ಕಬ್ಬಿನಗದ್ದೆ (ಮಂಡ್ಯ)

ಎಲ್ರಿಗೂ ನಮಸ್ಕಾರ. ಪಿಯುಸಿ, ಡಿಪ್ಲೊಮಾ, ಬಿಎ ಓದ್ತಿರೋ ಹುಡುಗ ಹುಡುಗೀರಿಗೆ ಮಂಡ್ಯದಲ್ಲಿ ಮುಕ್ತ ತಂತ್ರಜ್ಞಾನದ ತರಬೇತಿ ಇಟ್ಕೊಂಡಿದೀವಿ. ನಾಲ್ಕು ಭಾನುವಾರ, ದಿನಕ್ಕೆ ಮೂರು ಗಂಟೆ. ಇರೋದು 12 ಪಿಸಿ. ಒಂಬತ್ತರಲ್ಲಿ ಕೋರ್ 2 ಡ್ಯುಯೊ, 2 ಜಿಬಿ ರ‍್ಯಾಮ್. ಉಳಿದ ಮೂರು ಇನ್ನೂ ಹಳೇವು, 32 ಬಿಟ್. ಎಲ್ಲದ್ರಲ್ಲೂ ವಿಂಡೋಸ್ 7. ನೆಟ್ ಅಂದ್ರೆ ಒಂದು ಮೊಬೈಲ್ ಹಾಟ್‌ಸ್ಪಾಟ್, ಅಷ್ಟೆ.

ಸದ್ಯಕ್ಕೆ ಹಾಕಿರೋ ಪಟ್ಟಿ: ಮೊದಲ ವಾರ ಇತಿಹಾಸ ಮತ್ತು ತತ್ವಗಳ ಉಪನ್ಯಾಸ, ಎರಡನೇ ವಾರ ಲಿನಕ್ಸ್ ಇನ್‌ಸ್ಟಾಲ್, ಮೂರನೇ ವಾರ ಲಿಬ್ರೆಆಫೀಸ್, ನಾಲ್ಕಕ್ಕೆ ಪೈಥಾನ್. ಇದರಲ್ಲಿ ಏನು ಬಿಡಬೇಕು, ಏನು ಸೇರಿಸಬೇಕು ಹೇಳಿ.

ಅರ್ಕಾವತ್ತು (ಮೈಸೂರು)

ಮೊದಲ ವಾರದ ಉಪನ್ಯಾಸ ಬಿಡಿ ಸಾರ್. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಮುಕ್ತ ಆಪರೇಟಿಂಗ್ ಸಿಸ್ಟಂ ಕಟ್ಟೋ ಗ್ನೂ ಯೋಜನೆ ಘೋಷಿಸಿದ್ದು, ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಹೊರಗೆ ಬಿಟ್ಟಿದ್ದು, ಇವನ್ನೆಲ್ಲ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಬಳಸೋದು, ಒಳಗೆ ಹೇಗಿದೆ ಅಂತ ನೋಡಿ ತಿದ್ದೋದು, ಹಂಚೋದು, ತಿದ್ದಿದ್ದನ್ನೂ ಹಂಚೋದು ಅಂತ ನಾಲ್ಕು ಸ್ವಾತಂತ್ರ್ಯಗಳನ್ನ ಬೋರ್ಡ್ ಮೇಲೆ ಬರೆದ್ರೆ ಮಕ್ಕಳು ಬರ್ಕೊಂಡು ಹೋಗ್ತಾರೆ, ಮುಂದಿನ ವಾರಕ್ಕೆ ಮರೀತಾರೆ. ಕನ್ನಡದವರ ಹತ್ರ ಇದಕ್ಕಿಂತ ಗಟ್ಟಿ ಪಾಠ ಇದೆ: 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲು.

ಯಾವುದಾದ್ರೂ ಡಿಟಿಪಿ ಅಂಗಡಿಯಿಂದ ಹದಿನೈದಿಪ್ಪತ್ತು ವರ್ಷ ಹಿಂದಿನ ಕರಪತ್ರದ ವರ್ಡ್ ಫೈಲ್ ತನ್ನಿ. ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆಸಿ. 'ಕನ್ನಡ' ಅಂತ ಇರಬೇಕಾದ ಕಡೆ ದೊಡ್ಡ ಪಿ, ತಲೆ ಮೇಲೆ ಓರೆಗೆರೆ ಇರೋ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಬೀಟಾ ಥರದ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೆ ಎ ಕಾಣುತ್ತೆ. ಪಿ ಮತ್ತು ಎ ಸೇರಿದ್ರೆ ಕ. ಪೌಂಡ್ ಮತ್ತು ಎ ಸೇರಿದ್ರೆ ನ. ಆ ಜರ್ಮನ್ ಅಕ್ಷರವೇ ನ ಒತ್ತು. ಅಂದ್ರೆ ಆ ಫೈಲಿನಲ್ಲಿ ಕನ್ನಡ ಇಲ್ಲವೇ ಇಲ್ಲ. ರೋಮನ್ ಕೋಡ್‌ಗಳಿಗೆ ಕನ್ನಡ ಅಕ್ಷರದ ಚೂರುಗಳನ್ನ ಅಂಟಿಸಿದ ಫಾಂಟ್ ಇತ್ತು, ಅದು ಈ ಯಂತ್ರದಲ್ಲಿಲ್ಲ. ಹೀಗಿರುವಾಗ ಹುಡುಕೋಕೂ ಆಗಲ್ಲ, ಅಕಾರಾದಿಯಾಗಿ ಜೋಡಿಸೋಕೂ ಆಗಲ್ಲ. (ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್, ಅಂದ್ರೆ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡೋ ಜಾಗತಿಕ ಮಾನಕ, ಇದೆ. ತೊಂದರೆ ಇರೋದು ಹಳೇ ಫೈಲುಗಳ ರಾಶಿಯಲ್ಲಿ.)

ಆಮೇಲೆ ಪರಿವರ್ತಕದಿಂದ ಯೂನಿಕೋಡ್‌ಗೆ ತರಿಸಿ. ಒಳ್ಳೆ ಪರಿವರ್ತಕಗಳು ಮುಕ್ತ ತಂತ್ರಾಂಶವಾಗೇ ಸಿಗುತ್ತವೆ. ಎರಡು ಕಡೆ ಕೈಕೊಡುತ್ತೆ, ಎರಡನ್ನೂ ಬೇಕಂತಲೇ ತೋರಿಸಿ. ಒಂದು, ಅರ್ಕಾವತ್ತು. ಹಳೇ ಎನ್‌ಕೋಡಿಂಗ್‌ನಲ್ಲಿ ಅದನ್ನ ಕಣ್ಣಿಗೆ ಕಾಣೋ ಕ್ರಮದಲ್ಲಿ, ಅಕ್ಷರದ ನಂತರ ಇಡ್ತಿದ್ರು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದ್ರೆ ರ ಮೊದಲು ಬರಬೇಕು. ಪರಿವರ್ತಕ ಅದನ್ನ ಹಿಂದಕ್ಕೆ ಸರಿಸದಿದ್ರೆ ಕರ್ನಾಟಕ ಹೋಗಿ 'ಕನಾರ್ಟಕ' ಆಗುತ್ತೆ, ವರ್ಷ ಹೋಗಿ 'ವಷರ್' ಆಗುತ್ತೆ. ಜಾಲತಾಣಗಳಲ್ಲಿ ಈ ರೂಪ ಕಂಡ್ರೆ ಮೂಲ ಎಲ್ಲಿಯದು ಅಂತ ಇನ್ಮೇಲೆ ಮಕ್ಕಳೇ ಹೇಳ್ತಾರೆ. ಎರಡು, ನಡುವೆ ಬರೋ ಇಂಗ್ಲಿಷ್ ಪದ. ಬರೀ ಪಠ್ಯವನ್ನ ಕಾಪಿ ಮಾಡಿ ಅಂಟಿಸಿದ್ರೆ ಯಾವುದು ಯಾವ ಫಾಂಟ್‌ನಲ್ಲಿತ್ತು ಅನ್ನೋ ಮಾಹಿತಿ ಹೋಗುತ್ತೆ, ಇಮೇಲ್ ವಿಳಾಸವೂ ಕನ್ನಡದ ಕಲಸುಮೇಲೋಗರ ಆಗುತ್ತೆ. ಫಾಂಟ್ ನೋಡಿ ತುಂಡು ತುಂಡಾಗಿ ಪರಿವರ್ತಿಸಬೇಕು, ಇಲ್ಲಾಂದ್ರೆ ಇಂಗ್ಲಿಷ್ ಭಾಗವನ್ನ ಕೈಯಲ್ಲೇ ಬೇರೆ ಇಡಬೇಕು.

ಇಷ್ಟಕ್ಕೆ ಒಂದೂವರೆ ಗಂಟೆ ಹೋಗುತ್ತೆ. ಮುಕ್ತ ಮಾನಕ ಯಾಕೆ ಬೇಕು ಅಂತ ಆಮೇಲೆ ಬಿಡಿಸಿ ಹೇಳೋ ಅಗತ್ಯ ಇರಲ್ಲ.

ತುಂಗಭದ್ರ_ಟೈಪಿಸ್ಟ್

ಅದೇ ತರಗತಿಯಲ್ಲಿ ಕಾಣದ ಅಕ್ಷರಗಳನ್ನೂ ಹೇಳ್ಬಿಡಿ. 'ಸಾಫ್ಟ್‌ವೇರ್' ಅಂತ ಬಿಡಿಸಿ ಬರಬೇಕಾದ್ರೆ ಟ್ ಆದ್ಮೇಲೆ ಜೋಡಣೆ ತಡೆಯೋ ಅಕ್ಷರ, ಯೂನಿಕೋಡ್ ಸಂಖ್ಯೆ ಯೂ+200ಸಿ, ಬೇಕು. 'ರ‍್ಯಾಂಕ್' ಸರಿಯಾಗಿ ಬರಬೇಕಾದ್ರೆ ರ ಆದ್ಮೇಲೆ, ಹಲಂತಕ್ಕಿಂತ ಮೊದಲು ಯೂ+200ಡಿ. ಇಲ್ಲಾಂದ್ರೆ ಯ ಮೇಲೆ ಅರ್ಕಾವತ್ತು ಕೂರುತ್ತೆ. ಒಬ್ಬ ಇದನ್ನ ಹಾಕಿ ಬರೆದು ಇನ್ನೊಬ್ಬ ಹಾಕದೆ ಹುಡುಕಿದ್ರೆ ಎಷ್ಟೋ ತಂತ್ರಾಂಶಗಳಲ್ಲಿ ಪದ ಸಿಗೋದೇ ಇಲ್ಲ.

ಸ್ಕ್ರೂಡ್ರೈವರ್ (ಮೈಸೂರು)

ಯಂತ್ರದ ಕಡೆ ನೋಡೋಣ.

32 ಬಿಟ್‌ನ ಮೂರನ್ನ ಲೆಕ್ಕದಿಂದ ತೆಗೀರಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ (ಡೆಬಿಯನ್ ಅಂದ್ರೆ ಲಿನಕ್ಸಿನ ಒಂದು ಬಗೆ) 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಡೆಬಿಯನ್ 12 ಹಾಕಬಹುದು, ಆದ್ರೆ ಇವತ್ತಿನ ಬ್ರೌಸರ್ ಅದರ ಮೇಲೆ ಓಡೋದನ್ನ ನೋಡೋಕೇ ಬೇಜಾರು. ಆ ಮೂರನ್ನ ಬಿಚ್ಚಿ ಜೋಡಿಸೋದಕ್ಕೆ ಇಟ್ಕೊಳ್ಳಿ.

ಒಂಬತ್ತು ಕೋರ್ 2 ಡ್ಯುಯೊ 64 ಬಿಟ್, ಅದಕ್ಕೆ ತೊಂದರೆ ಇಲ್ಲ. ಡೆಬಿಯನ್ 13, ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್. 2 ಜಿಬಿಯಲ್ಲಿ ಡೆಸ್ಕ್‌ಟಾಪ್ ಆರಾಮಾಗಿ ಓಡುತ್ತೆ, ರ‍್ಯಾಮ್ ತಿನ್ನೋದು ಫೈರ್‌ಫಾಕ್ಸ್. ಝಡ್‌ರ‍್ಯಾಮ್ (ಮೆಮೊರಿಯಲ್ಲಿರೋದನ್ನ ಕುಗ್ಗಿಸಿ ಜಾಗ ಉಳಿಸೋದು) ಹಾಕಿ, ಟ್ಯಾಬ್ ಮೂರ್ನಾಲ್ಕಕ್ಕೆ ನಿಲ್ಲಿಸಿ. ದುಡ್ಡಿದ್ರೆ ತಲಾ 4 ಜಿಬಿ ಮಾಡಿ. ಕೊಳ್ಳೋ ಮುಂಚೆ ಈಗಿರೋ ಕಡ್ಡಿ ತೆಗೆದು ಚೀಟಿ ಓದಿ: ಪಿಸಿ2 ಅಂತಿದ್ರೆ ಡಿಡಿಆರ್2, ಪಿಸಿ3 ಅಂತಿದ್ರೆ ಡಿಡಿಆರ್3. ಕಚ್ಚಿನ ಜಾಗ ಬೇರೆ, ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ. ಒತ್ತಿ ಕೂರಿಸೋಕೆ ಹೋದ್ರೆ ಸ್ಲಾಟ್ ಹೋಗುತ್ತೆ. ಒಂದೇ ಒಂದಕ್ಕೆ ದುಡ್ಡು ಸಾಕಾಗೋದಾದ್ರೆ ರ‍್ಯಾಮ್ ಬಿಟ್ಟು 120 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ ಅಂತೀನಿ. ಬೋರ್ಡ್ ಹಳೇದಾದ್ದರಿಂದ ಅದರ ಪೂರ್ತಿ ವೇಗ ಸಿಗದು, ಆದ್ರೂ ಹಳೇ ಹಾರ್ಡ್‌ಡಿಸ್ಕ್‌ಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಡೆಬಿಯನ್‌ನ ಇನ್‌ಸ್ಟಾಲ್ ಇಮೇಜ್ ಇಳಿಸಿದ ಮೇಲೆ ಎಸ್‌ಎಚ್‌ಎ256 ಮೊತ್ತ (ಫೈಲ್ ಪೂರ್ತಿ, ಸರಿಯಾಗಿ ಬಂದಿದೆಯಾ ಅಂತ ತಿಳಿಸೋ ಸಂಕೇತ) ತಾಳೆ ನೋಡೋದನ್ನ ಮಕ್ಕಳ ಕೈಲೇ ಮಾಡಿಸಿ. ಹಾಟ್‌ಸ್ಪಾಟ್‌ನಲ್ಲಿ 4 ಜಿಬಿ ಇಳಿಸುವಾಗ ನಡುವೆ ಕಡಿದು ಹೋಗಿರೋದು ಅಲ್ಲೇ ಗೊತ್ತಾಗುತ್ತೆ. ಇಲ್ಲಾಂದ್ರೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತಾಗ ಡಿಸ್ಕ್ ಕೆಟ್ಟಿದೆ ಅಂತ ಬೈಕೊಂಡು ಕೂರ್ತೀರ.

ಇನ್ನೊಂದು, ಇದು ಹಳೇ ಪಿಸಿ ಇರೋ ಲ್ಯಾಬ್‌ಗಳಲ್ಲೆಲ್ಲ ಕಾಡುತ್ತೆ. ಬೋರ್ಡ್ ಮೇಲಿನ ಬಿಲ್ಲೆ ಸೆಲ್, ಸಿಆರ್2032, ಸತ್ತಿರುತ್ತೆ. ಪ್ಲಗ್ ಕಿತ್ತು ಹಾಕಿದ ಕೂಡಲೇ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತೆ. ಆಗ ಬ್ರೌಸರ್ ಯಾವ ತಾಣಕ್ಕೆ ಹೋದ್ರೂ ಪ್ರಮಾಣಪತ್ರ ಸರಿಯಿಲ್ಲ ಅನ್ನುತ್ತೆ, ಆಪ್ಟ್ (ಡೆಬಿಯನ್‌ನಲ್ಲಿ ತಂತ್ರಾಂಶ ಇಳಿಸಿ ಹಾಕೋ ಸಾಧನ) 'ರಿಲೀಸ್ ಫೈಲ್ ಇನ್ನೂ ಊರ್ಜಿತವಾಗಿಲ್ಲ' ಅಂತ ನಿಲ್ಲಿಸುತ್ತೆ. ನೆಟ್ ಸರಿಯಿಲ್ಲ ಅಂತ ಎಲ್ಲ ಕೇಬಲ್ ಕಿತ್ತು ಹಾಕ್ತಾರೆ. ತಪ್ಪು ತಾರೀಖಿನದು. ಒಂಬತ್ತು ಸೆಲ್ ಮೊದಲೇ ತಂದಿಟ್ಕೊಳ್ಳಿ. + ಗುರುತು ಮೇಲೆ ಬರಬೇಕು.

ಕಬ್ಬಿನಗದ್ದೆ (ಮಂಡ್ಯ)

ಸ್ಕ್ರೂಡ್ರೈವರ್ ಅಣ್ಣ, ಒಂದೇ ಹಾಟ್‌ಸ್ಪಾಟ್‌ನಲ್ಲಿ ಒಂಬತ್ತು ಯಂತ್ರಕ್ಕೆ ಪ್ಯಾಕೇಜ್ ಇಳಿಸೋದು ಹೆಂಗೆ? ಡೇಟಾ ಅರ್ಧ ದಿನಕ್ಕೇ ಖಾಲಿ ಆಗುತ್ತಲ್ಲ.

ಸ್ಕ್ರೂಡ್ರೈವರ್ (ಮೈಸೂರು)

ಒಂದರಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ. ಇಳಿಸಿದ ಪ್ಯಾಕೇಜನ್ನ ಕೂಡಿಟ್ಟು ಹಂಚೋ ತಂತ್ರಾಂಶ ಅದು. 3142ನೇ ಪೋರ್ಟ್‌ನಲ್ಲಿ ಕೂತಿರುತ್ತೆ. ಮಿಕ್ಕ ಎಂಟರಲ್ಲಿ ಆಪ್ಟ್‌ನ ಪ್ರಾಕ್ಸಿಯಾಗಿ ಆ ಯಂತ್ರದ ಐಪಿ ಕೊಡಿ. ಮೊದಲ ಪಿಸಿ ಇಳಿಸಿದ ಪ್ಯಾಕೇಜ್ ಉಳಿದವಕ್ಕೆ ಲ್ಯಾಬ್‌ನ ನೆಟ್‌ವರ್ಕ್ ಸ್ವಿಚ್ ಮೂಲಕವೇ ಹೋಗುತ್ತೆ. ಪ್ಯಾಕೇಜ್ ಭಂಡಾರದ ವಿಳಾಸ ಎಚ್‌ಟಿಟಿಪಿ ಆಗಿರಲಿ. ಎಚ್‌ಟಿಟಿಪಿಎಸ್ ಆದ್ರೆ ಒಳಗೇನು ಹೋಗ್ತಿದೆ ಅಂತ ಅದಕ್ಕೆ ಕಾಣಲ್ಲ, ಹಾಗಾಗಿ ಕೂಡಿಡೋಕಾಗಲ್ಲ. ಸುರಕ್ಷತೆ ಹೋಯ್ತಲ್ಲ ಅಂತ ಯಾರಾದ್ರೂ ಕೇಳಿದ್ರೆ ಒಳ್ಳೇದೇ: ಡೆಬಿಯನ್ ಭಂಡಾರದ ಸೂಚಿಗೆ ಜಿಪಿಜಿ ಡಿಜಿಟಲ್ ಸಹಿ ಇರುತ್ತೆ, ಪ್ರತಿ ಪ್ಯಾಕೇಜಿನ ಮೊತ್ತ ಆ ಸೂಚಿಯ ಸರಪಣಿಯಲ್ಲೇ ಇರುತ್ತೆ. ದಾರಿಯಲ್ಲಿ ಯಾರು ತಿದ್ದಿದ್ರೂ ಆಪ್ಟ್ ತಗೊಳ್ಳಲ್ಲ.

ಒಂದು ಪಿಸಿ ಸಿದ್ಧ ಮಾಡಿ ಕ್ಲೋನ್‌ಝಿಲ್ಲಾದಿಂದ ಉಳಿದವಕ್ಕೆ ನಕಲು ಇಳಿಸಬಹುದು. ಇಳಿಸೋ ಡಿಸ್ಕ್ ಮೂಲದಷ್ಟೇ ದೊಡ್ಡದು ಅಥವಾ ಅದಕ್ಕಿಂತ ದೊಡ್ಡದಿರಬೇಕು. ಆಮೇಲೆ ಪ್ರತಿಯೊಂದರ ಹೋಸ್ಟ್‌ನೇಮ್ (ಯಂತ್ರದ ಹೆಸರು) ಮತ್ತು ಮಷೀನ್-ಐಡಿ (ಅದರ ಗುರುತಿನ ಸಂಖ್ಯೆ) ಬದಲಿಸೋದು ಮರೀಬೇಡಿ. ಆದ್ರೆ ಕನಿಷ್ಠ ಎರಡನ್ನ ಮಕ್ಕಳೇ ಮೊದಲಿಂದ ಇನ್‌ಸ್ಟಾಲ್ ಮಾಡಲಿ, ಪಾರ್ಟಿಷನ್ ಮಾಡುವಾಗ ಬರೋ ಭಯ ಅಲ್ಲೇ ಹೋಗಬೇಕು.

ಅದೇ ಕ್ಯಾಶ್ ಯಂತ್ರದಲ್ಲಿ ಕಿವಿಕ್ಸ್ ಹಾಕಿ ಕನ್ನಡ ವಿಕಿಪೀಡಿಯದ ಝಿಮ್ ಫೈಲ್ ಇಟ್ರೆ ನೆಟ್ ಇಲ್ಲದೆಯೂ ಎಲ್ಲರೂ ಓದಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಕನ್ನಡ ಪಾಠಗಳನ್ನೂ ಮೊದಲೇ ಇಳಿಸಿಟ್ಕೊಳ್ಳಿ.

ಷರತ್ತು_ಅನ್ವಯ (ಮೈಸೂರು)

ಡೆಬಿಯನ್ ಹಾಕಿ ಎಂದು ಇಷ್ಟು ಸಲೀಸಾಗಿ ಹೇಳಿದಿರಿ, ಒಂದು ವಿಷಯ ಮರೆಯಿತು. 2023ರ ಡೆಬಿಯನ್ 12ರಿಂದ ಅಧಿಕೃತ ಇನ್‌ಸ್ಟಾಲರ್ ಒಳಗೇ ಮುಕ್ತವಲ್ಲದ ಫರ್ಮ್‌ವೇರ್ (ವೈಫೈಯಂಥ ಚಿಪ್‌ಗಳ ಒಳಗೆ ಓಡುವ ತಂತ್ರಾಂಶ) ಬರುತ್ತದೆ. ತತ್ವ ಕಲಿಸುವ ತರಬೇತಿಯಲ್ಲಿ ಅದನ್ನು ಮುಚ್ಚಿಡಬಾರದು. ಯಾವ ಯಂತ್ರದಲ್ಲಿ ಯಾವ ಫರ್ಮ್‌ವೇರ್ ಲೋಡ್ ಆಗಿದೆ ಎಂದು ಕರ್ನಲ್ ಸಂದೇಶಗಳಲ್ಲಿ ಹುಡುಕಿಸಿ. ಬೇಡ ಎನ್ನುವವರಿಗೆ ದಾರಿಯೂ ಇದೆ: ಎಆರ್9271 ಚಿಪ್ ಇರುವ ಯುಎಸ್‌ಬಿ ವೈಫೈ ಕೊಂಡರೆ ಅದರ ಫರ್ಮ್‌ವೇರ್‌ನ ಮೂಲವೇ ಮುಕ್ತವಾಗಿ ಸಿಗುತ್ತದೆ.

ಸ್ಕ್ರೂಡ್ರೈವರ್ (ಮೈಸೂರು)

ಹೇಳ್ಲಿ ಸಾರ್, ಬೇಡ ಅನ್ನಲ್ಲ. ಆದ್ರೆ ವೈಫೈ ಓಡದ ಲಿನಕ್ಸ್ ಕೈಗೆ ಕೊಟ್ರೆ ಮನೆಗೆ ಹೋಗಿ ವಾಪಸ್ ವಿಂಡೋಸ್ ಹಾಕ್ತಾರೆ. ಮೊದಲು ಓಡಲಿ. ಲ್ಯಾಬ್‌ನಲ್ಲಂತೂ ಕೇಬಲ್ ಎಳೀರಿ, ಈ ಜಗಳವೇ ಬೇಡ.

ಷರತ್ತು_ಅನ್ವಯ (ಮೈಸೂರು)

ಕೇಬಲ್‌ಗೆ ನನ್ನ ಒಪ್ಪಿಗೆ ಇದೆ. ಈಗ ಲೈಸನ್ಸ್ ಮಾತು. ಮೂರನೇ ವಾರ ಅರ್ಧ ಗಂಟೆ ಸಾಕು, ಆದರೆ ಉದಾಹರಣೆ ಊರಿನದೇ ಇರಲಿ.

ಜಿಪಿಎಲ್ (ಗ್ನೂ ಯೋಜನೆಯ ಲೈಸನ್ಸ್: ತಿದ್ದಿ ಹಂಚಿದರೂ ಅದೇ ಸ್ವಾತಂತ್ರ್ಯ ಕೊಡಬೇಕು) ಇರುವ ತಂತ್ರಾಂಶವನ್ನು ಡಿವಿಡಿಗೆ ಹಾಕಿ 100 ರೂಪಾಯಿಗೆ ಮಾರಬಹುದೇ? ಮಾರಬಹುದು. ಕೊಂಡವರಿಗೆ ಮೂಲ ಕೋಡ್ ಸಿಗುವಂತೆ ಮಾಡಬೇಕು, ಅವರು ಇನ್ನೊಬ್ಬರಿಗೆ ಕೊಡುವುದನ್ನು ತಡೆಯುವಂತಿಲ್ಲ. ಸೊಸೈಟಿಯೊಂದು ಜಿಪಿಎಲ್ ಲೆಕ್ಕದ ತಂತ್ರಾಂಶವನ್ನು ತಿದ್ದಿ ತನ್ನ ಕಚೇರಿಯೊಳಗೇ ಬಳಸಿದರೆ? ಹೊರಗೆ ಕೊಡುವವರೆಗೆ ಯಾರಿಗೂ ಏನೂ ತೋರಿಸಬೇಕಿಲ್ಲ. ಅದನ್ನೇ ಸರ್ವರ್ ಮೇಲಿಟ್ಟು ಸದಸ್ಯರಿಗೆ ಬ್ರೌಸರ್‌ನಲ್ಲಿ ತೆರೆದರೆ? ಜಿಪಿಎಲ್ ಆದರೆ ಆಗಲೂ ಬೇಕಿಲ್ಲ. ತಿದ್ದಿದ ಎಜಿಪಿಎಲ್ (ಜಾಲದ ಮೂಲಕ ಬಳಸುವವರನ್ನೂ ಲೆಕ್ಕಕ್ಕೆ ಹಿಡಿಯುವ ಜಿಪಿಎಲ್) ತಂತ್ರಾಂಶವಾದರೆ ಮೂಲ ಕೊಡಬೇಕು. ಎಂಐಟಿ, ಬಿಎಸ್‌ಡಿ ಲೈಸನ್ಸ್‌ನದನ್ನು ತಿದ್ದಿ ಮುಚ್ಚಿ ಮಾರಿದರೂ ಹಕ್ಕುಸ್ವಾಮ್ಯದ ಸೂಚನೆ, ಲೈಸನ್ಸ್ ಪಠ್ಯ ಉಳಿಸಿದರೆ ಸಾಕು. ನೋಟೊ ಕನ್ನಡ ಫಾಂಟ್‌ಗಳ ಲೈಸನ್ಸ್ ಓಎಫ್‌ಎಲ್: ಪತ್ರಿಕೆ ಅಚ್ಚು ಹಾಕಿ, ಬೋರ್ಡ್ ಬರೆಸಿ, ಫಾಂಟನ್ನೇ ಬಿಡಿಯಾಗಿ ಮಾರಬೇಡಿ.

ನಿಮ್ಮ ತರಬೇತಿಯ ಟಿಪ್ಪಣಿಗೂ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸನ್ಸ್ ಹಾಕಿ. ವಾಣಿಜ್ಯ ಬಳಕೆ ಬೇಡ ಎಂಬ ಎನ್‌ಸಿ ಷರತ್ತು ನೋಡಲು ಚೆಂದ, ಕೆಲಸಕ್ಕೆ ತೊಡಕು. ಜೆರಾಕ್ಸ್ ಅಂಗಡಿಯವರು ಪುಟಕ್ಕಿಷ್ಟು ಎಂದು ತೆಗೆದುಕೊಂಡು ನಕಲು ಮಾಡಿಕೊಟ್ಟರೆ ಅದು ವಾಣಿಜ್ಯವೋ ಅಲ್ಲವೋ ಎಂದು ವಾದ ಹುಟ್ಟುತ್ತದೆ. ಎನ್‌ಸಿ ಇರುವ ಪಠ್ಯವನ್ನು ವಿಕಿಪೀಡಿಯಕ್ಕೂ ತರುವಂತಿಲ್ಲ. ಸಿಸಿ ಬೈ-ಎಸ್‌ಎ ಹಾಕಿ: ಹೆಸರು ಹೇಳಿ, ತಿದ್ದಿದರೆ ಅದೇ ಷರತ್ತಿನಲ್ಲಿ ಹಂಚಿ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಡಲು ಒಪ್ಪಿದ್ದರಿಂದಲೇ ಅದರ ಲೇಖನಗಳು ವಿಕಿಸೋರ್ಸ್‌ಗೆ ಬರಲು ಸಾಧ್ಯವಾಯಿತು.

ಹಳೆಯ ಪುಸ್ತಕ ಸ್ಕ್ಯಾನ್ ಮಾಡುವ ಉತ್ಸಾಹ ಯಾರಿಗಾದರೂ ಬಂದೇ ಬರುತ್ತದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು. ಬಿ.ಎಂ.ಶ್ರೀ 1946ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಬರಹ 2007ರಿಂದ ಸಾರ್ವಜನಿಕ ಸ್ವತ್ತು. ಕುವೆಂಪು ತೀರಿಕೊಂಡದ್ದು 1994ರಲ್ಲಿ. 2055ರ ಜನವರಿ 1ರವರೆಗೆ ಕಾಯಬೇಕು. ಜಾಲದಲ್ಲಿ ಪಿಡಿಎಫ್ ಸಿಕ್ಕಿತು ಎಂದ ಮಾತ್ರಕ್ಕೆ ಮುಕ್ತವಾಗುವುದಿಲ್ಲ.

ನಾಲೆ_ಏರಿ (ಪಾಂಡವಪುರ)

ಪೈಥಾನ್ ತೆಗೆದು ಓಪನ್‌ಸ್ಟ್ರೀಟ್‌ಮ್ಯಾಪ್ ಇಡಣ್ಣ, ಜನರೇ ಸೇರಿ ಬರೆಯೋ ಮುಕ್ತ ನಕ್ಷೆ ಅದು. ಮೂರು ಗಂಟೇಲಿ ಪೈಥಾನ್ ಬರಲ್ಲ, ನಕ್ಷೆ ಬತ್ತದೆ.

ನಮ್ಮ ಜಿಲ್ಲೇಲಿ ನಾಲೆಗಳು ಎಷ್ಟವೆ! ವಿಶ್ವೇಶ್ವರಯ್ಯ ನಾಲೆ ದೊಡ್ಡದು, ಅದನ್ನ ಬಿಟ್ಟು ತೂಬು, ಸೀಳುನಾಲೆ, ಹಳ್ಳಿ ಹೆಸರು ಕನ್ನಡದಲ್ಲಿ, ಇವನ್ನೆಲ್ಲ ಊರಿನೋರೇ ಹಾಕ್ಬೇಕು. ಉಪಗ್ರಹ ಚಿತ್ರದ ಮೇಲೆ ಐಡಿ ಎಡಿಟರ್‌ನಲ್ಲಿ ಗೆರೆ ಎಳೆಯೋದು ಹತ್ತು ನಿಮಿಷದಲ್ಲಿ ಬತ್ತದೆ. ನಾಲೆ ಎಳೀವಾಗ ನೀರು ಹರಿಯೋ ದಿಕ್ಕಿಗೇ ಎಳೀಬೇಕು ಕಣಣ್ಣ, ಕನ್ನಂಬಾಡಿ ಕಡೆಯಿಂದ ಕೆಳಕ್ಕೆ. ಹೊಸಬರು ಕಾಲು ಪಾಲು ತಲೆಕೆಳಗೆ ಎಳೆದಿರ್ತಾರೆ, ಬಾಣದ ಗುರುತು ನೋಡಿ ತಿರುಗಿಸ್ಬೇಕು. ಕನ್ನಡ ಹೆಸರಿಗೆ 'ನೇಮ್:ಕೆಎನ್' ಅನ್ನೋ ಬೇರೆ ಕೀ ಅದೆ, ಅದರಲ್ಲಿ ಹಾಕಿ.

ಗೂಗಲ್ ಮ್ಯಾಪ್ ನೋಡ್ಕೊಂಡು ಹೆಸರು ಇಳಿಸ್ಬಾರ್ದು. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶ 2012ರಿಂದ ಓಡಿಬಿಎಲ್ ಅನ್ನೋ ಮುಕ್ತ ದತ್ತಾಂಶದ ಲೈಸನ್ಸ್‌ನಲ್ಲಿ ಅದೆ, ಬೇರೆಯೋರ ಹಕ್ಕಿನ ಮಾಲು ಸೇರಿಸಿದ್ರೆ ಅಳಿಸಾಕ್ತಾರೆ. ಬೋರ್ಡ್ ನೋಡಿ, ಹಿರೀಕರನ್ನ ಕೇಳಿ ಬರೀರಿ. ಫೋನ್‌ನಲ್ಲಿ, ಊರಿನ ಬಗ್ಗೆ ಸಣ್ಣ ಪ್ರಶ್ನೆ ಕೇಳಿ ನಕ್ಷೆ ತುಂಬಿಸೋ ಸ್ಟ್ರೀಟ್‌ಕಂಪ್ಲೀಟ್ ಹಾಕ್ಕೊಂಡ್ರೆ ನೆಟ್ ಇಲ್ದಿದ್ರೂ ಉತ್ರ ಉಳಿಸ್ಕತದೆ, ಆಮೇಲೆ ಕಳಿಸಬೋದು. ಮುಕ್ತ ಆ್ಯಪ್‌ಗಳ ತಾಣ ಎಫ್-ಡ್ರಾಯ್ಡ್‌ನಲ್ಲೇ ಸಿಗ್ತದೆ.

ತುಂಗಭದ್ರ_ಟೈಪಿಸ್ಟ್

ಇಎಸ್‌ಪಿ32 (ವೈಫೈ ಇರೋ ಪುಟ್ಟ ಕಂಟ್ರೋಲರ್ ಬೋರ್ಡ್) ಹಾಕಿ ಗದ್ದೆ ತೇವ ಅಳೆಯೋದು ಮಾಡಿಸಬಹುದಾ?

ಸ್ಕ್ರೂಡ್ರೈವರ್ (ಮೈಸೂರು)

ನಾಲ್ಕು ವಾರದಲ್ಲಿ ಬೇಡ. ಮುಂದೆ ಮಾಡೋದಾದ್ರೆ ಎರಡು ಮಾತು: ತೇವದ ಸೆನ್ಸರ್ ಕೆಪಾಸಿಟಿವ್ ಇರಲಿ, ಎರಡು ಮುಳ್ಳಿನ ರೆಸಿಸ್ಟಿವ್ ಮಣ್ಣಲ್ಲಿ ಬೇಗ ತುಕ್ಕು ತಿನ್ನುತ್ತೆ. ವೈರ್ ಅನ್ನ 32ರಿಂದ 39ರೊಳಗಿನ ಪಿನ್‌ಗೆ ಕೊಡಿ. ಎಡಿಸಿ2ಗೆ (ಸೆನ್ಸರ್‌ನ ವೋಲ್ಟೇಜನ್ನ ಅಂಕಿಯಾಗಿ ಓದೋ ಎರಡನೇ ಭಾಗ) ಸೇರಿದ ಪಿನ್‌ಗಳು ವೈಫೈ ಶುರುವಾದಾಗ ಓದೋದು ನಿಲ್ಲಿಸುತ್ತವೆ.

ಕಬ್ಬಿನಗದ್ದೆ (ಮಂಡ್ಯ)

ಸರಿ, ಪೈಥಾನ್ ತೆಗೆದೆ. ನಕ್ಷೆ ನಾಲ್ಕನೇ ವಾರ. ಆದ್ರೆ 'ಒಳಗೆ ನೋಡಿ ತಿದ್ದೋದು' ಅನ್ನೋದನ್ನ ಕೋಡಿಂಗ್ ಬರದ ಬಿಎ ಹುಡುಗೀರಿಗೆ ಏನು ಕೊಟ್ಟು ಕಲಿಸ್ಲಿ?

ಅರ್ಕಾವತ್ತು (ಮೈಸೂರು)

ಕೀಬೋರ್ಡ್ ಲೇಔಟ್ ಕೊಡಿ. ಇದಕ್ಕೆ ಕೋಡಿಂಗ್ ಬೇಡ.

ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಿಸೋ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗೌಟ್ ಆಗಿ ಬಂದು, ಐಬಸ್‌ನ ಪಟ್ಟಿಯಲ್ಲಿ ಕನ್ನಡ ಕೆಜಿಪಿ ಸೇರಿಸಿ. ಇದು ಕೆ.ಪಿ. ರಾವ್ ವಿನ್ಯಾಸದ್ದು, ನುಡಿಯಲ್ಲಿ ಟೈಪ್ ಮಾಡಿದವರಿಗೆ ಕೈ ತಾನೇ ಓಡುತ್ತೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದ್ರೆ 'ಕನ್ನಡ'. ನಡುವಿನ ಎಫ್ ಒತ್ತಕ್ಷರ ಕೂಡಿಸೋ ಹಲಂತ.

ಈಗ ಆ ಲೇಔಟ್ ಎಲ್ಲಿದೆ ಅಂತ ತೋರಿಸಿ. ಯುಎಸ್‌ಆರ್, ಅದರೊಳಗೆ ಶೇರ್, ಅದರೊಳಗೆ ಎಂ17ಎನ್ ಫೋಲ್ಡರ್. ಅಲ್ಲಿ 'ಮಿಮ್' ಅಂತ ಮುಗಿಯೋ ಫೈಲುಗಳಿವೆ. ಕೆಎನ್-ಕೆಜಿಪಿ ಅನ್ನೋದನ್ನ ಸಾಮಾನ್ಯ ಟೆಕ್ಸ್ಟ್ ಎಡಿಟರ್‌ನಲ್ಲೇ ತೆರೀರಿ. ಮೇಲೆ ಯಾರು ಬರೆದರು, ಯಾವ ಲೈಸನ್ಸ್ ಅನ್ನೋದು ಇರುತ್ತೆ: ಎಲ್‌ಜಿಪಿಎಲ್. ಕೆಳಗೆ ಆವರಣಗಳ ಒಳಗೆ ಒಂದು ಕೀ, ಅದರ ಪಕ್ಕ ಬರಬೇಕಾದ ಅಕ್ಷರ. ಯಾರು ಬೇಕಾದ್ರೂ ಓದಬಹುದು.

ಫೈಲನ್ನ ಅಲ್ಲೇ ತಿದ್ದಬೇಡಿ, ಮುಂದಿನ ಅಪ್‌ಡೇಟ್ ಬಂದಾಗ ನಿಮ್ಮದು ಅಳಿಸಿ ಹೋಗುತ್ತೆ. ಹೋಮ್‌ನಲ್ಲಿ ಚುಕ್ಕಿಯಿಂದ ಶುರುವಾಗೋ '.ಎಂ17ಎನ್.ಡಿ' ಅನ್ನೋ ಫೋಲ್ಡರ್ ಮಾಡಿ ಅಲ್ಲಿಗೆ ನಕಲಿಸಿ. ಫೈಲ್ ಹೆಸರನ್ನೂ ಒಳಗಿನ ಇನ್‌ಪುಟ್-ಮೆಥಡ್ ಸಾಲಿನ ಹೆಸರನ್ನೂ ಎರಡನ್ನೂ ಬದಲಿಸಿ. ಇಲ್ಲಾಂದ್ರೆ ಟೈಪ್ ಆಗ್ತಿರೋದು ಹಳೇದೋ ಹೊಸದೋ ಗೊತ್ತಾಗಲ್ಲ. ಬಳಕೆಯಲ್ಲಿಲ್ಲದ ಒಂದು ಕೀಗೆ ರೂಪಾಯಿ ಚಿಹ್ನೆ ₹ ಕೊಡಿ. ಉಳಿಸಿ, ಐಬಸ್ ಮರುಶುರು ಮಾಡಿ, ಹೊಸ ಲೇಔಟ್ ಸೇರಿಸಿ, ಒತ್ತಿ ನೋಡಿ.

ಬರದಿದ್ರೆ ಹತ್ತಕ್ಕೆ ಒಂಬತ್ತು ಸಲ ಆವರಣ ಒಂದು ಹೆಚ್ಚಾಗಿದೆ ಅಥವಾ ಕಮ್ಮಿಯಾಗಿದೆ. ದೋಷದ ಸಂದೇಶ ಏನೂ ಬರಲ್ಲ, ಸುಮ್ಮನೆ ಲೇಔಟ್ ಕೆಲಸ ಮಾಡಲ್ಲ. ಆವರಣದ ಜೋಡಿಯನ್ನ ಬಣ್ಣದಲ್ಲಿ ತೋರಿಸೋ ಎಡಿಟರ್ ಕೊಟ್ರೆ ಅರ್ಧ ತಾಪತ್ರಯ ಹೋಯ್ತು. ಇನ್ನೊಂದು ಕಾರಣ: ವರ್ಡ್ ಪ್ರೊಸೆಸರ್‌ನಲ್ಲಿ ತಿದ್ದಿ ನೇರ ಕೋಟ್ ಹೋಗಿ ಬಾಗಿದ ಕೋಟ್ ಕೂತಿರುತ್ತೆ.

ಕೊನೆಗೆ ಆ ಫೈಲನ್ನ ಪಕ್ಕದವಳಿಗೆ ಪೆನ್‌ಡ್ರೈವ್‌ನಲ್ಲಿ ಕೊಡಿಸಿ, ಅವಳ ಯಂತ್ರದಲ್ಲಿ ಓಡಿಸಿ. ಬಳಸಿದ್ದಾಯ್ತು, ಓದಿ ತಿದ್ದಿದ್ದಾಯ್ತು, ಹಂಚಿದ್ದಾಯ್ತು, ಹಂಚಿದ್ದೂ ತಿದ್ದಿದ್ದನ್ನೇ.

ಕಬ್ಬಿನಗದ್ದೆ (ಮಂಡ್ಯ)

ಇದು ಚೆನ್ನಾಗಿದೆ ಸಾರ್, ಎರಡನೇ ವಾರಕ್ಕೆ ಹಾಕ್ತೀನಿ. ಯಾರಾದ್ರೂ ನಿಜವಾದ ತಪ್ಪೊಂದನ್ನ ಕಂಡುಹಿಡಿದು ತಿದ್ದಿದ್ರೆ ಎಲ್ಲಿಗೆ ಕಳಿಸಬೇಕು?

ಅರ್ಕಾವತ್ತು (ಮೈಸೂರು)

ಎಂ17ಎನ್ ಯೋಜನೆ ನಾನ್‌ಗ್ನೂ ಸವಾನ್ನಾ ಅನ್ನೋ ತಾಣದಲ್ಲಿದೆ, ಅಲ್ಲಿ ದೋಷ ದಾಖಲಿಸಬಹುದು. ಕಳಿಸುವಾಗ ಪೂರ್ತಿ ಫೈಲ್ ಬೇಡ, ಹಳೇದಕ್ಕೂ ಹೊಸದಕ್ಕೂ ಡಿಫ್ (ಬದಲಾದ ಸಾಲುಗಳ ಪಟ್ಟಿ) ತೆಗೆದು ಆ ಕೆಲವೇ ಸಾಲು ಸೇರಿಸಿ. ಯಾವ ಕೀಗಳನ್ನ ಯಾವ ಕ್ರಮದಲ್ಲಿ ಒತ್ತಿದ್ರೆ ಏನು ಬಂತು, ಏನು ಬರಬೇಕಿತ್ತು, ಇಷ್ಟು ಬರೀಲಿ. ಓದೋರಿಗೆ ಕನ್ನಡ ಬರದೇ ಇರಬಹುದು, ಹಾಗಾಗಿ ಅಕ್ಷರದ ಜೊತೆ ಯೂನಿಕೋಡ್ ಸಂಖ್ಯೆಯನ್ನೂ ಕೊಡಬೇಕು. ಒಂದು ಕಾಗದಕ್ಕೆ ಒಂದೇ ದೋಷ. ಮತ್ತೆ, ಆ ರೂಪಾಯಿ ಚಿಹ್ನೆಯ ಪ್ರಯೋಗವನ್ನೂ ಅದರ ಜೊತೆ ಸೇರಿಸಿ ಕಳಿಸಿಬಿಟ್ಟಾರು, ಮೊದಲೇ ಹೇಳಿಡಿ.